ತಕ್ಕಡಿಗೆ ಕಾಣದ ಬೊಜ್ಜು

ಜಿಮ್ ಗೋಡೆಗೆ ಅಂಟಿಸಿರುವ ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕಿ) ಚಾರ್ಟ್‌ನಲ್ಲಿ ಸಾಮಾನ್ಯವಾಗಿ 25ರ ತನಕ ಹಸಿರು ಬಣ್ಣ. ಅದು ಯುರೋಪಿನವರ ಮೈಯಳತೆಗೆ ಹೊಲಿದ ಅಂಗಿ. ನಮ್ಮವರಿಗೆ 23 ದಾಟಿದರೆ ತೂಕ ಹೆಚ್ಚು, 25ಕ್ಕೆ ಬೊಜ್ಜು. 165 ಸೆಂ.ಮೀ. ಎತ್ತರದವರಿಗೆ ಅದು 62.6 ಮತ್ತು 68 ಕೆಜಿ. ಅಷ್ಟೇ ಎತ್ತರ, ಅಷ್ಟೇ ತೂಕದ ಯುರೋಪಿನವರಿಗಿಂತ ನಮ್ಮಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಜಾಸ್ತಿ.

ಇದು ಹುಟ್ಟಿನಿಂದಲೇ ಶುರು. ಪುಣೆ ಸುತ್ತಲಿನ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳ ಜತೆ ಹೋಲಿಸಿದ ಅಧ್ಯಯನ 2003ರಲ್ಲಿ ಬಂತು. ಇಲ್ಲಿಯವು ಸರಾಸರಿ 2.7 ಕೆಜಿ, ಅಲ್ಲಿಯವು 3.5. ಸ್ನಾಯು, ಹೊಟ್ಟೆಯ ಸುತ್ತಳತೆ ಎಲ್ಲ ಕಡಿಮೆ. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಇಳಿದಿರಲಿಲ್ಲ. ಬಸುರಿಯ ಶುಗರ್ ಏರಿದ್ದರೆ ಕೂಸಿಗೆ ಕೊಬ್ಬು ಇನ್ನೂ ಹೆಚ್ಚು.

ಮನೆಮಂದಿ ಎಡವುವುದು ಮಗುವಿಗೆ ನಾಲ್ಕು ವರ್ಷವಾದಾಗ. ಒಂದು ವರ್ಷದ ಆಚೆ ಮಕ್ಕಳ ಬಿಎಂಐ ಇಳಿಯುತ್ತಾ ಹೋಗಿ, ಐದಾರು ವರ್ಷಕ್ಕೆ ತಳ ಮುಟ್ಟಿ, ಮತ್ತೆ ಏರುತ್ತದೆ. ಪಕ್ಕೆಲುಬು ಎಣಿಸಬಹುದಾದ ಕಾಲ ಅದು. ‘ಮಗು ಸೊರಗಿಹೋಗಿದೆ’ ಅಂತ ಅಜ್ಜಿಗೆ ಸಂಕಟ. ಕೈಗೆ ಮೊಬೈಲ್, ಬಾಯಿಗೆ ತುಪ್ಪದನ್ನ, ಮಲಗುವಾಗ ಎರಡು ಚಮಚ ಸಕ್ಕರೆ ಹಾಕಿದ ಮಾಲ್ಟ್ ಹಾಲು. ಬಿಎಂಐನ ಆ ಮರು ಏರಿಕೆ ಐದು ವರ್ಷಕ್ಕೂ ಮೊದಲೇ ಶುರುವಾದ ಮಕ್ಕಳಿಗೆ ಮುಂದೆ ಬೊಜ್ಜಿನ ಅಪಾಯ ಹೆಚ್ಚು. ಎತ್ತರ ಸರಿಯಾಗಿ ಬೆಳೆಯುತ್ತಿದ್ದರೆ, ಮಗು ಓಡಾಡಿಕೊಂಡಿದ್ದರೆ, ಒತ್ತಾಯ ಮಾಡಿ ತಿನ್ನಿಸಬೇಡಿ.

ದುಡಿಯುವ ವಯಸ್ಸಿನ ಕಥೆ ಗೊತ್ತಿರುವುದೇ: ಕೂತು ಕೆಲಸ, ಸಿಲ್ಕ್ ಬೋರ್ಡ್ ಜಾಮ್, ರಾತ್ರಿ ಹತ್ತೂವರೆಗೆ ಊಟ. ಲೆಕ್ಕಕ್ಕೆ ಸಿಗದೆ ಜಾರುವುದು ಎಣ್ಣೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಕ್ಯಾನ್ ಖಾಲಿಯಾದರೆ ದಿನಕ್ಕೆ ತಲೆಗೆ 38 ಗ್ರಾಂ, ಹತ್ತಿರ ಹತ್ತಿರ 340 ಕ್ಯಾಲೊರಿ. ದರ್ಶಿನಿಯ ವಡೆ ಬೇರೆ! 3 ಲೀಟರಿಗೆ ಇಳಿಸಿದರೆ 23 ಗ್ರಾಂ. ಬೆಂಗಳೂರಲ್ಲಿ ಒಂದು ಮನೆಗೆ ಸಾಸಿವೆ ಎಣ್ಣೆ, ಪಕ್ಕದ ಮನೆಗೆ ಕೊಬ್ಬರಿ ಎಣ್ಣೆ. ಯಾವುದಾದರೂ ಗ್ರಾಮಿಗೆ ಒಂಬತ್ತೇ ಕ್ಯಾಲೊರಿ.

ಮುಟ್ಟು ನಿಲ್ಲುವ ಹೊತ್ತಿಗೆ ಹೆಂಗಸರಲ್ಲಿ ತೊಡೆಗೆ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಸೇರತೊಡಗುತ್ತದೆ. ಇಲ್ಲಿ ತಕ್ಕಡಿಗಿಂತ ಟೇಪೇ ವಾಸಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುಮಧ್ಯೆ ಟೇಪ್ ಸುತ್ತಿ, ಉಸಿರು ಬಿಟ್ಟ ಮೇಲೆ ನೋಡಬೇಕು. ಹೆಂಗಸರಿಗೆ 80, ಗಂಡಸರಿಗೆ 90 ಸೆಂ.ಮೀ. ಮಿತಿ. ‘ನನ್ನ ಪ್ಯಾಂಟ್ ಸೈಜ್ ಇನ್ನೂ 34’ ಅನ್ನುವವರು ಅದನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತಾರೆ.

ಎಪ್ಪತ್ತು ದಾಟಿದವರ ತೂಕ ಹತ್ತು ವರ್ಷದಿಂದ ಅಷ್ಟೇ ಇದ್ದರೂ ತೊಡೆಯ ಸ್ನಾಯು ಕರಗಿ ಕೊಬ್ಬು ಸೇರಿರಬಹುದು. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಸ್ನಾಯು ಸೋತಿದೆ ಎಂಬ ಅನುಮಾನ. ಅಂಥವರಿಗೆ ಬರೀ ಗಂಜಿ ಕುಡಿಸಿ ತೂಕ ಇಳಿಸಲು ಹೋದರೆ ಮೊದಲು ಕರಗುವುದು ಉಳಿದಿರುವ ಸ್ನಾಯುವೇ.