ಸ್ಕಾಟ್‌ಲೆಂಡ್ ವಿಸ್ಕಿ ಪ್ರವಾಸ: ಹೊಗೆಯಿಲ್ಲದ ಕಣಿವೆಯಿಂದ ಹೊಗೆಯ ದ್ವೀಪದವರೆಗೆ

ವಿಸ್ಕಿಯ ಬಗೆಬಗೆಗಳನ್ನು ಹೋಲಿಸಿ ಸವಿಯಲೆಂದೇ ಸ್ಕಾಟ್‌ಲೆಂಡಿಗೆ ಹೊರಡುವವರು ಡಿಸ್ಟಿಲರಿಗಳ ಪಟ್ಟಿ ಮಾಡುವುದಕ್ಕೂ ಮೊದಲು ಊರುಗಳ ಕ್ರಮ ಗೊತ್ತುಮಾಡಿಕೊಳ್ಳಬೇಕು. ಹಗುರದಿಂದ ಗಾಢಕ್ಕೆ, ಹೊಗೆಯಿಲ್ಲದ್ದರಿಂದ ಹೊಗೆಯದಕ್ಕೆ: ಇದು ರುಚಿ ನೋಡುವ ಮೇಜಿನ ನಿಯಮ. ಇಡೀ ಪ್ರವಾಸವನ್ನೂ ಇದೇ ನಿಯಮಕ್ಕೆ ಒಗ್ಗಿಸಬಹುದು. ಗ್ಲಾಸ್ಗೋದಲ್ಲಿ ಶುರು, ಆಮೇಲೆ ಸ್ಪೇ ನದಿಯ ಕಣಿವೆಯಾದ ಸ್ಪೇಸೈಡ್, ಅಲ್ಲಿಂದ ಕ್ಯಾಂಬೆಲ್‌ಟೌನ್, ಕೊನೆಗೆ ಐಲಾ ದ್ವೀಪ. ನೇರವಾಗಿ ಐಲಾಗೆ ಹೋಗಿ, ಅಲ್ಲಿಯ ಪೀಟ್ (ಬಾರ್ಲಿ ಒಣಗಿಸಲು ಸುಡುವ, ಜೌಗುನೆಲದಿಂದ ಅಗೆದ ಸಸ್ಯಮಣ್ಣು) ಹೊಗೆಗೆ ನಾಲಿಗೆ ಒಗ್ಗಿದ ಮೇಲೆ ಸ್ಪೇಸೈಡ್‌ಗೆ ಬಂದವರಿಗೆ ಅಲ್ಲಿನ ಸೇಬು, ಜೇನು, ಹೂವಿನ ಸೂಕ್ಷ್ಮಗಳೆಲ್ಲ ಸಪ್ಪೆ ಎನಿಸುತ್ತವೆ. ಅಷ್ಟು ದೂರ ಹೋಗಿ ಅರ್ಧ ರುಚಿ ಕಳೆದುಕೊಂಡಂತೆ.

ಎಂಟು–ಒಂಬತ್ತು ದಿನ ಇಟ್ಟುಕೊಳ್ಳಿ. ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ ಅಥವಾ ಸೆಪ್ಟೆಂಬರ್ ಒಳ್ಳೆಯ ಕಾಲ. ಜುಲೈ–ಆಗಸ್ಟ್‌ನಲ್ಲಿ ಅನೇಕ ಡಿಸ್ಟಿಲರಿಗಳು ವಾರ್ಷಿಕ ದುರಸ್ತಿಗೆಂದು ಕೆಲವು ವಾರ ಭಟ್ಟಿ ನಿಲ್ಲಿಸುತ್ತವೆ. ಟೂರ್ ನಡೆಯುತ್ತದೆ, ಆದರೆ ಬಿಸಿಯೇರಿದ ತಾಮ್ರದ ಭಟ್ಟಿ, ಹುದುಗುವ ತೊಟ್ಟಿಯ ವಾಸನೆ ಯಾವುದೂ ಇರುವುದಿಲ್ಲ. ವಿಸ್ಕಿಯ ರುಚಿ ಎಲ್ಲಿಂದ ಹುಟ್ಟುತ್ತದೆಂದು ಅರಿಯಲು ಹೋದವರಿಗೆ ಅದು ದೊಡ್ಡ ನಷ್ಟ. ಬುಕ್ ಮಾಡುವಾಗಲೇ ‘ಆ ವಾರ ಉತ್ಪಾದನೆ ಇದೆಯೇ’ ಎಂದು ಮೇಲ್ ಮಾಡಿ ಕೇಳಿ. ಮೇ ಕೊನೆಯಲ್ಲಿ ಐಲಾದಲ್ಲಿ ಫೇಶ್ ಈಲಾ ಉತ್ಸವ ನಡೆಯುತ್ತದೆ. ಆ ವಾರ ಕೋಣೆ, ದೋಣಿ ಎರಡೂ ಸಿಗುವುದು ಕಷ್ಟ. ಹೋಗಲೇಬೇಕೆಂದರೆ ತಿಂಗಳುಗಟ್ಟಲೆ ಮೊದಲೇ ಕಾದಿರಿಸಿ.

ವಾಹನದ ವಿಷಯದಲ್ಲಿ ರಾಜಿ ಬೇಡ. ಸ್ಕಾಟ್‌ಲೆಂಡಿನಲ್ಲಿ 2014ರ ಡಿಸೆಂಬರ್‌ನಿಂದ ಚಾಲಕರ ರಕ್ತದಲ್ಲಿನ ಆಲ್ಕೋಹಾಲ್ ಮಿತಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ. ಇಂಗ್ಲೆಂಡಿನ 80ಕ್ಕಿಂತ ಇದು ಬಿಗಿ. ಲೆಕ್ಕ ಹಾಕಿ ನೋಡಿ: 15 ಮಿಲಿಲೀಟರಿನ ಆರು ಮಾದರಿ, ತಲಾ 46 ಶೇಕಡಾ ಎಂದರೆ ಸುಮಾರು 41 ಮಿಲಿಲೀಟರ್ ಶುದ್ಧ ಆಲ್ಕೋಹಾಲ್, ಬ್ರಿಟನ್ನಿನ ಎಣಿಕೆಯಲ್ಲಿ ನಾಲ್ಕು ಯೂನಿಟ್. ದೇಹ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ಕರಗಿಸುತ್ತದೆ. ರಾತ್ರಿ ಬಾರ್‌ನಲ್ಲಿ ಇನ್ನೂ ನಾಲ್ಕು ಸೇರಿದರೆ ಬೆಳಗಿನ ಚಾಲನೆಯೂ ಅಪಾಯದ್ದೇ. ಅಲ್ಲಿಯ ಆರೋಗ್ಯ ಸಲಹೆ ವಾರಕ್ಕೆ 14 ಯೂನಿಟ್ ಮೀರಬೇಡಿ ಎನ್ನುತ್ತದೆ, ಹಾಗಾಗಿ ನಾಲ್ಕು ಯೂನಿಟ್‌ನ ಟೇಸ್ಟಿಂಗ್ ದಿನಕ್ಕೊಂದರಂತೆ ನಡೆದರೆ ನಾಲ್ಕನೇ ದಿನಕ್ಕೇ ಅದು ದಾಟುತ್ತದೆ. ಉಗುಳುವ ಪಾತ್ರೆ ಕೇಳಲು ಸಂಕೋಚ ಬೇಡ, ಮಾದರಿಗಳನ್ನೆಲ್ಲ ಮುಗಿಸಲೇಬೇಕೆಂಬ ಹಟವೂ ಬೇಡ. ಕಾರು ಓಡಿಸುವವರಿಗೆ ಬಹುತೇಕ ಡಿಸ್ಟಿಲರಿಗಳು ಮಾದರಿಯನ್ನು ಪುಟ್ಟ ಶೀಶೆಯಲ್ಲಿ ಕಟ್ಟಿಕೊಡುತ್ತವೆ. ಸಂಜೆ ಕೋಣೆಯಲ್ಲಿ ನಿಧಾನವಾಗಿ ಹೋಲಿಸಲು ಅದೇ ಎಷ್ಟೋ ಮೇಲು.

ಗ್ಲಾಸ್ಗೋದಲ್ಲಿ ಒಂದು ದಿನ ಸಾಕು. ನದಿಯಂಚಿನ ಕ್ಲೈಡ್‌ಸೈಡ್ ಡಿಸ್ಟಿಲರಿ 2017ರದು. ಗಾಜಿನ ಗೋಡೆಯ ಭಟ್ಟಿಮನೆಯಲ್ಲಿ ಇಡೀ ಪ್ರಕ್ರಿಯೆ ಒಂದೇ ನೋಟಕ್ಕೆ ಸಿಗುವುದರಿಂದ ಮೊದಲ ಪಾಠಕ್ಕೆ ಹೇಳಿ ಮಾಡಿಸಿದ ಜಾಗ. ಸಂಜೆ ‘ದಿ ಪಾಟ್ ಸ್ಟಿಲ್’ನಂಥ ಬಾರಿನಲ್ಲಿ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿ: ಒಂದು ಬ್ಲೆಂಡೆಡ್ (ಮಾಲ್ಟ್, ಗ್ರೇನ್ ಎರಡೂ ಬೆರೆತದ್ದು), ಒಂದು ಸಿಂಗಲ್ ಗ್ರೇನ್ (ಒಂದೇ ಡಿಸ್ಟಿಲರಿಯದ್ದು, ಗೋಧಿ–ಜೋಳದಂಥ ಧಾನ್ಯವೂ ಸೇರಿದ್ದು), ಇನ್ನೊಂದು ಮಾಲ್ಟ್‌ನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಮಾಡಿ ಮೂರು ಬಾರಿ ಬಟ್ಟಿ ಇಳಿಸಿದ ಆಕೆಂಟೋಶನ್. ಅಳತೆ 25 ಅಥವಾ 35 ಮಿಲಿಲೀಟರ್ ಇರುತ್ತದೆ. ಇಬ್ಬರು ಹಂಚಿಕೊಂಡರೆ ಸಾಕಾಗುತ್ತದೆ. ಗ್ರೇನ್ ವಿಸ್ಕಿಯ ತೆಳು ಸಿಹಿಯನ್ನು ಇಲ್ಲಿ ಗುರುತು ಹಿಡಿದವರಿಗೆ ಬ್ಲೆಂಡ್‌ನೊಳಗೆ ಅದು ಎಲ್ಲಿ ಕೂತಿದೆ ಎಂಬುದು ಮುಂದೆಂದೂ ತಪ್ಪುವುದಿಲ್ಲ.

ಹೋಲಿಕೆಯ ವಿಧಾನವನ್ನೂ ಇಲ್ಲೇ ರೂಢಿಸಿಕೊಳ್ಳಿ. ಬಾಯಿ ಕಿರಿದಾದ ಗ್ಲೆನ್‌ಕೇರ್ನ್ ಲೋಟ, 15 ಮಿಲಿಲೀಟರ್, ಐಸ್ ಇಲ್ಲ. ತಂಪು ಪರಿಮಳವನ್ನು ಕಟ್ಟಿಹಾಕುತ್ತದೆ. ಸುರಿದು ಐದು–ಹತ್ತು ನಿಮಿಷ ಬಿಡಿ. ಮೂಗನ್ನು ಲೋಟದೊಳಗೆ ತೂರಿಸದೆ ಅಂಚಿನ ಮೇಲಿಟ್ಟು, ಬಾಯಿ ಸ್ವಲ್ಪ ತೆರೆದು ಉಸಿರೆಳೆಯಿರಿ. ಆಲ್ಕೋಹಾಲಿನ ಚುರುಕು ಕಡಿಮೆಯಾಗುತ್ತದೆ. ಮೊದಲ ಗುಟುಕು ಬಾಯನ್ನು ಹದಗೊಳಿಸಲು ಅಷ್ಟೇ, ಅದರ ಮೇಲೆ ತೀರ್ಪು ಕೊಡಬೇಡಿ. ನೀರು ಬೆರೆಸುವಾಗ ಅಂದಾಜು ನಂಬದೆ 5 ಮಿಲಿಲೀಟರ್ ಗುರುತಿರುವ ಪಿಪೆಟ್ ಬಳಸಿ. 58 ಶೇಕಡಾದ ಕ್ಯಾಸ್ಕ್ ಸ್ಟ್ರೆಂತ್ (ಪೀಪಾಯಿಯಿಂದ ತೆಗೆದು ನೀರು ಬೆರೆಸದೆ ತುಂಬಿದ) ವಿಸ್ಕಿಯ 20 ಮಿಲಿಲೀಟರಿಗೆ 5 ಮಿಲಿಲೀಟರ್ ನೀರು ಸೇರಿದರೆ ಸುಮಾರು 46ಕ್ಕೆ, 9 ಸೇರಿದರೆ 40ಕ್ಕೆ ಬರುತ್ತದೆ. 40ರದನ್ನೂ 58ರದನ್ನೂ ಹಾಗೇ ಪಕ್ಕಪಕ್ಕ ಇಟ್ಟರೆ ನೀವು ಅಳೆಯುತ್ತಿರುವುದು ಬಲವನ್ನು, ಶೈಲಿಯನ್ನಲ್ಲ. ನೀರು ಬಿದ್ದಾಗ ಮಸುಕಾದರೆ ಗಾಬರಿ ಬೇಡ. ತಣ್ಣಗೆ ಸೋಸದ ವಿಸ್ಕಿಯಲ್ಲಿ ಉಳಿದ ಕೊಬ್ಬಿನಾಮ್ಲದ ಎಸ್ಟರ್‌ಗಳು 46 ಶೇಕಡಾಕ್ಕಿಂತ ಕೆಳಗೆ ಹಾಗೆ ಕಾಣಿಸಿಕೊಳ್ಳುತ್ತವೆ. ಬಣ್ಣವನ್ನೂ ನಂಬಬೇಡಿ. ಸ್ಕಾಚ್‌ಗೆ ನೀರಿನ ಜೊತೆ ಸಾದಾ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನೇ ಅವಕಾಶ ಕೊಟ್ಟಿದೆ. ಸುಗಂಧದ್ರವ್ಯ, ಮಿಂಟ್, ಗಾಢ ಕಾಫಿ, ಖಾರದ ಊಟ ಆ ದಿನದ ಮೂಗನ್ನು ಕೆಡಿಸುತ್ತವೆ.

ಸ್ಪೇಸೈಡ್‌ಗೆ ಇನ್ವರ್ನೆಸ್ ಮೂಲಕ ಎಲ್ಗಿನ್‌ವರೆಗೆ ರೈಲು. ಅಲ್ಲಿಂದ ರೋಥೆಸ್, ಕ್ರೇಗೆಲಾಕಿ, ಅಬರ್ಲೌರ್, ಡಫ್‌ಟೌನ್ ಕಡೆಗೆ ಬಸ್ ಇದೆ. ಕ್ರೇಗೆಲಾಕಿ ಅಥವಾ ಡಫ್‌ಟೌನಿನಲ್ಲಿ ಉಳಿದರೆ ಹಲವು ಡಿಸ್ಟಿಲರಿಗಳಿಗೆ ನಡೆದೇ ಹೋಗಬಹುದು. ಹಳೆಯ ರೈಲುಹಾದಿಯ ಮೇಲಿನ ಸ್ಪೇಸೈಡ್ ವೇ ಕಾಲುದಾರಿಯಲ್ಲಿ ಅಬರ್ಲೌರ್‌ನಿಂದ ಕ್ರೇಗೆಲಾಕಿ 3 ಕಿಲೋಮೀಟರ್ ಆಸುಪಾಸು, ಸಮತಟ್ಟು. ಟ್ಯಾಕ್ಸಿಗಳು ಕಡಿಮೆ, ಹಿಂದಿನ ದಿನವೇ ಹೇಳಿಡಿ.

ಇಲ್ಲಿ ನಾಲ್ಕು ದಿನ ಕಳೆದರೂ ಮುಗಿಯದು. ಆದರೆ ದಿನಕ್ಕೆ ಎರಡೇ ಡಿಸ್ಟಿಲರಿ ಸಾಕು, ಮೂರನೆಯದಕ್ಕೆ ಮೂಗು ಸ್ಪಂದಿಸುವುದಿಲ್ಲ. ಹೆಸರಿನ ಹಿಂದೆ ಹೋಗದೆ ಜೋಡಿ ನೋಡಿ ಆರಿಸಿ. ನಮ್ಮ ಮೊದಲ ಆಯ್ಕೆ ರೋಥೆಸ್‌ನ ಗ್ಲೆನ್ ಗ್ರಾಂಟ್ ಮತ್ತು ಬ್ಯಾಲಿಂಡಾಲಾಕ್ ಬಳಿಯ ಗ್ಲೆನ್‌ಫಾರ್ಕ್ಲಾಸ್. ಗ್ಲೆನ್ ಗ್ರಾಂಟ್‌ನ ಭಟ್ಟಿಗಳಿಗೆ ಪ್ಯೂರಿಫೈಯರ್ ಜೋಡಿಸಿದೆ. ಭಾರದ ಆವಿ ತಣಿದು ಮತ್ತೆ ಭಟ್ಟಿಗೇ ಇಳಿಯುವುದರಿಂದ ಹಗುರ ಭಾಗ ಮಾತ್ರ ದಾಟುತ್ತದೆ. ಗ್ಲೆನ್‌ಫಾರ್ಕ್ಲಾಸ್‌ನಲ್ಲಿ ಭಟ್ಟಿಯ ಅಡಿಗೆ ನೇರ ಗ್ಯಾಸ್ ಉರಿ, ಮೇಲಾಗಿ ಓಲೊರೊಸೊ ಶೆರಿ (ಸ್ಪೇನಿನ ಗಾಢ ವೈನ್) ಪೀಪಾಯಿಗಳ ಒಲವು. ಇಬ್ಬರದ್ದೂ 10 ವರ್ಷದ ವಿಸ್ಕಿ 40 ಶೇಕಡಾದ್ದೇ. ವಯಸ್ಸು, ಬಲ ಒಂದೇ ಆದಾಗ ಉಳಿದ ವ್ಯತ್ಯಾಸ ತಾಮ್ರ, ಉರಿ, ಮರದ್ದು: ಒಂದು ಕಡೆ ಹಸಿರು ಸೇಬು, ಇನ್ನೊಂದು ಕಡೆ ಒಣದ್ರಾಕ್ಷಿ, ಬೀಜಗಳ ಎಣ್ಣೆ. ಮರದ ಪಾಲನ್ನು ಮಾತ್ರ ಬೇರೆಯಾಗಿ ತಿಳಿಯಬೇಕಾದರೆ ಒಂದೇ ಡಿಸ್ಟಿಲರಿಯ ಬರ್ಬನ್ (ಅಮೆರಿಕದ ವಿಸ್ಕಿ) ಪೀಪಾಯಿಯದ್ದು ಮತ್ತು ಶೆರಿ ಪೀಪಾಯಿಯದ್ದು ಕೊಡುವ ಟೂರ್ ಹುಡುಕಿ. 200 ಲೀಟರ್ ಆಸುಪಾಸಿನ ಬರ್ಬನ್ ಬ್ಯಾರೆಲ್‌ನಲ್ಲಿ ವಿಸ್ಕಿಗೆ ಮರದ ಸಂಪರ್ಕ ಹೆಚ್ಚು, 500 ಲೀಟರಿನ ಶೆರಿ ಬಟ್ ಎಂಬ ದೊಡ್ಡ ಪೀಪಾಯಿಯಲ್ಲಿ ಕಡಿಮೆ. ಆದರೂ ಶೆರಿಯದ್ದೇ ಗಾಢ ಎನಿಸಲು ಕಾರಣ ಓಕ್‌ನ ಜಾತಿ ಮತ್ತು ಅದು ಹೀರಿಕೊಂಡಿದ್ದ ವೈನ್. ಕ್ರೇಗೆಲಾಕಿಯ ಸ್ಪೇಸೈಡ್ ಕೂಪರೇಜ್ ಎಂಬ ಪೀಪಾಯಿ ಕಾರ್ಖಾನೆಯಲ್ಲಿ ಪೀಪಾಯಿ ಬಿಚ್ಚಿ, ಸುಟ್ಟು, ಕಟ್ಟುವುದನ್ನು ಗ್ಯಾಲರಿಯಿಂದ ನೋಡಬಹುದು. ವಾರಾಂತ್ಯಕ್ಕೆ ಇಡಬೇಡಿ, ಕೆಲಸದ ದಿನಗಳಲ್ಲೇ ಹೋಗಿ. ಒಂದೇ ಸಂದರ್ಶನಕ್ಕೆ ಸಮಯವಿದ್ದರೆ ಡಿಸ್ಟಿಲರಿ ಬಿಟ್ಟಾದರೂ ಇದನ್ನು ನೋಡಿ ಎನ್ನುತ್ತೇವೆ.

ಭಟ್ಟಿಮನೆಯೊಳಗೆ ಆಲ್ಕೋಹಾಲಿನ ಆವಿ ಇರುವುದರಿಂದ ಅನೇಕ ಕಡೆ ಫೋನ್, ಕ್ಯಾಮೆರಾ ಆಫ್ ಮಾಡಿಸುತ್ತಾರೆ. ಕಬ್ಬಿಣದ ಜಾಲರಿಯ ಮೆಟ್ಟಿಲುಗಳಿಗೆ ಮುಚ್ಚಿದ ಶೂ ಬೇಕು. ಸಣ್ಣ ಮಕ್ಕಳನ್ನು ಉತ್ಪಾದನಾ ಭಾಗಕ್ಕೆ ಬಿಡುವುದಿಲ್ಲ, 18 ತುಂಬದವರಿಗೆ ರುಚಿ ಇಲ್ಲ. ಸಾಮಾನ್ಯ ಟೂರ್ 20 ಪೌಂಡ್ ಆಸುಪಾಸು, ಗೋದಾಮಿನಲ್ಲಿ ಪೀಪಾಯಿಯಿಂದಲೇ ತೆಗೆದು ಕೊಡುವ ಟೇಸ್ಟಿಂಗ್ ಅದರ ಹಲವು ಪಟ್ಟು. ಮೂರು ಕಡೆ ಸಾಮಾನ್ಯ ಟೂರ್ ಮಾಡುವ ಬದಲು ಒಂದು ಕಡೆ ಗೋದಾಮಿನ ಟೇಸ್ಟಿಂಗ್ ಮಾಡಿ. ಅರೆಯುವುದು, ಹುದುಗಿಸುವುದು, ಬಟ್ಟಿ ಇಳಿಸುವುದು ಎಲ್ಲ ಕಡೆಯೂ ಒಂದೇ ಮಾತಿನಲ್ಲಿ ಹೇಳಲ್ಪಡುತ್ತದೆ.

ಕ್ಯಾಂಬೆಲ್‌ಟೌನ್ ದಾರಿ ಉದ್ದ. ಎಲ್ಗಿನ್‌ನಿಂದ ಗ್ಲಾಸ್ಗೋಗೆ ಮರಳಿ ಒಂದು ರಾತ್ರಿ ತಂಗಿ, ಬೆಳಗ್ಗೆ ಸಿಟಿಲಿಂಕ್‌ನ 926 ಬಸ್ ಹಿಡಿಯಿರಿ; ನಾಲ್ಕು ಗಂಟೆಗೂ ಮೀರಿದ ಪಯಣ. ಬಹಳ ಜನ ಇದನ್ನು ಬಿಟ್ಟು ನೇರ ಐಲಾಗೆ ಹೋಗುತ್ತಾರೆ. ಹೋಲಿಸಲು ಬಂದವರು ಹಾಗೆ ಮಾಡಲೇಬಾರದು, ಏಕೆಂದರೆ 1828ರ ಸ್ಪ್ರಿಂಗ್‌ಬ್ಯಾಂಕ್ ಡಿಸ್ಟಿಲರಿ ಒಂದೇ ಛಾವಣಿಯಡಿ ಹೇಜಲ್‌ಬರ್ನ್, ಸ್ಪ್ರಿಂಗ್‌ಬ್ಯಾಂಕ್, ಲಾಂಗ್‌ರೋ ಎಂಬ ಮೂರು ಬಗೆಯ ವಿಸ್ಕಿ ಮಾಡುತ್ತದೆ. ಬಾರ್ಲಿ ಮೊಳಕೆಯಿಂದ ಬಾಟಲಿ ತುಂಬುವವರೆಗೆ ಎಲ್ಲವೂ ಅಲ್ಲೇ. ಹೇಜಲ್‌ಬರ್ನ್‌ಗೆ ಪೀಟ್ ಹೊಗೆಯಿಲ್ಲ, ಮೂರು ಬಾರಿ ಬಟ್ಟಿ. ಸ್ಪ್ರಿಂಗ್‌ಬ್ಯಾಂಕ್‌ಗೆ ಸುಮಾರು 6 ಗಂಟೆ ಪೀಟ್ ಹೊಗೆ, ಎರಡೂವರೆ ಬಾರಿ ಬಟ್ಟಿ, ಅಂದರೆ ಸ್ಪಿರಿಟ್‌ನ ಒಂದು ಪಾಲು ಎರಡು ಬಾರಿ, ಉಳಿದದ್ದು ಮೂರು ಬಾರಿ ಇಳಿಯುತ್ತದೆ. ಲಾಂಗ್‌ರೋಗೆ 48 ಗಂಟೆಯವರೆಗೆ ಹೊಗೆ, ಎರಡು ಬಾರಿ ಬಟ್ಟಿ. ಹೇಜಲ್‌ಬರ್ನ್ 10, ಸ್ಪ್ರಿಂಗ್‌ಬ್ಯಾಂಕ್ 10, ವಯಸ್ಸು ನಮೂದಿಸದ ಲಾಂಗ್‌ರೋ ಮೂರೂ 46 ಶೇಕಡಾ. ಇದೇ ಕ್ರಮದಲ್ಲಿ ಮೂರು ಲೋಟ ಮುಂದಿಟ್ಟುಕೊಂಡು, ಮತ್ತೆ ಹಿಂದಕ್ಕೂ ಬಂದು ನೋಡಿ. ಒಂದೇ ಊರಿನ ಗಾಳಿ, ಒಂದೇ ಕೈಗಳ ಕೆಲಸ; ಹೊಗೆ ಮತ್ತು ಬಟ್ಟಿಯ ಪಾಲು ಎಷ್ಟೆಂದು ಇಷ್ಟು ಸ್ಪಷ್ಟವಾಗಿ ತೋರುವ ಜಾಗ ಸ್ಕಾಟ್‌ಲೆಂಡಿನಲ್ಲಿ ಇನ್ನೊಂದಿಲ್ಲ. ಟೂರ್‌ಗಳು ಬೇಗ ತುಂಬುತ್ತವೆ, ಇಡೀ ಪ್ರವಾಸದಲ್ಲಿ ಮೊದಲು ಬುಕ್ ಮಾಡಬೇಕಾದದ್ದು ಇದನ್ನೇ.

ಅದೇ ಬಸ್ ಹಿಂದಿರುಗುವಾಗ ಕೆನ್ನಕ್ರೇಗ್‌ನಲ್ಲಿ ಇಳಿದರೆ ಐಲಾ ದೋಣಿ. ಪೋರ್ಟ್ ಎಲೆನ್‌ಗೆ ಸುಮಾರು 2 ಗಂಟೆ 20 ನಿಮಿಷ, ಪೋರ್ಟ್ ಆಸ್ಕೇಗ್‌ಗೆ ಸುಮಾರು 2 ಗಂಟೆ. ಎರಡೂ ದ್ವೀಪದ ಬೇರೆ ಬೇರೆ ದಿಕ್ಕಿನಲ್ಲಿವೆ, ಕೋಣೆ ಎಲ್ಲಿದೆ ನೋಡಿ ಟಿಕೆಟ್ ಮಾಡಿ. ಕಾರಿಗೆ ಜಾಗ ಸಿಗುವುದು ಕಷ್ಟ, ನಡೆದು ಹತ್ತುವವರಿಗೆ ಸುಲಭ. ಗಾಳಿ ಎದ್ದರೆ ದೋಣಿ ರದ್ದಾಗುತ್ತದೆ. ಹಿಂದಿರುಗುವ ವಿಮಾನದ ಮೊದಲು ಒಂದು ದಿನ ಖಾಲಿ ಬಿಡದವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಭಾನುವಾರ ದ್ವೀಪದ ಬಸ್ಸನ್ನು ನಂಬಬೇಡಿ.

ಪೋರ್ಟ್ ಎಲೆನ್‌ನಿಂದ ಲಫ್ರೋಯ್ಗ್, ಲಾಗವೂಲಿನ್, ಆರ್ಡ್‌ಬೆಗ್ ಈ ಮೂರಕ್ಕೂ ರಸ್ತೆ ಪಕ್ಕದಲ್ಲೇ ಸುಮಾರು 5.5 ಕಿಲೋಮೀಟರಿನ ಕಾಲುದಾರಿ. ದೂರ ಕಡಿಮೆ ಎಂದು ಒಂದೇ ದಿನ ಮೂರೂ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಎರಡಕ್ಕೆ ನಿಲ್ಲಿಸಿ, ಮಧ್ಯೆ ಆರ್ಡ್‌ಬೆಗ್‌ನ ಕೆಫೆಯಲ್ಲಿ ಹೊಟ್ಟೆ ತುಂಬ ಊಟ ಮಾಡಿ.

ಇಲ್ಲಿ ಎಲ್ಲರ ಬಾಯಲ್ಲೂ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು ಎಂಬ ಅಳತೆ). ಆ ಸಂಖ್ಯೆ ಹೊಗೆಯಾಡಿಸಿದ ಮಾಲ್ಟ್‌ನಲ್ಲಿರುವ ಫೀನಾಲ್‌ನ, ಅಂದರೆ ಹೊಗೆಯ ರುಚಿ ಕೊಡುವ ರಾಸಾಯನಿಕದ ಪ್ರಮಾಣ, ಲೋಟದಲ್ಲಿರುವುದಲ್ಲ. ಅರೆದು, ಹುದುಗಿಸಿ, ಬಟ್ಟಿ ಇಳಿಸುವಾಗ ಅದರ ದೊಡ್ಡ ಪಾಲು ಕಳೆದುಹೋಗುತ್ತದೆ. ಎಷ್ಟು ಉಳಿಯುತ್ತದೆ ಎನ್ನುವುದು ಸ್ಪಿರಿಟ್ ಹಿಡಿಯುವುದನ್ನು ಯಾವಾಗ ನಿಲ್ಲಿಸುತ್ತಾರೆ ಎಂಬುದರ ಮೇಲೆ ನಿಂತಿದೆ. ಹೊಗೆಯ ಭಾರದ ಅಂಶಗಳು ಇಳಿಯುವುದು ಕೊನೆಕೊನೆಗೆ, ತಡವಾಗಿ ನಿಲ್ಲಿಸಿದಷ್ಟೂ ಗಾಢ. ಇದಕ್ಕೆ ಅತ್ಯುತ್ತಮ ಸಾಕ್ಷಿ ಲಾಗವೂಲಿನ್ ಮತ್ತು ದ್ವೀಪದ ಇನ್ನೊಂದು ಡಿಸ್ಟಿಲರಿ ಕಲ್ ಈಲಾ. ಒಂದೇ ಮಾಲೀಕರು, ಪೋರ್ಟ್ ಎಲೆನ್ ಮಾಲ್ಟಿಂಗ್ಸ್‌ನ 35 ಪಿಪಿಎಂ ಆಸುಪಾಸಿನ ಮಾಲ್ಟ್. ಆದರೆ ಕಲ್ ಈಲಾದ ದೊಡ್ಡ ಭಟ್ಟಿಗಳಲ್ಲಿ ಆವಿಗೆ ತಾಮ್ರದ ಸ್ಪರ್ಶ ಹೆಚ್ಚು, ಹೊಗೆ ತಿಳಿಯಾಗಿ ನಿಂಬೆ, ಸಮುದ್ರದ ಉಪ್ಪಿನತ್ತ ವಾಲುತ್ತದೆ. ಲಾಗವೂಲಿನ್‌ನಲ್ಲಿ ಅದು ದಪ್ಪಗೆ, ಟಾರು–ಒಣಹಣ್ಣಿನಂತೆ ಕೂರುತ್ತದೆ. ಆರ್ಡ್‌ಬೆಗ್ 50 ಪಿಪಿಎಂ ದಾಟಿದರೂ ಅದರ ಭಟ್ಟಿಯ ಪ್ಯೂರಿಫೈಯರ್‌ನಿಂದ ಒಳಗೊಂದು ಸಿಹಿ ಉಳಿದಿರುತ್ತದೆ. ಗ್ಲೆನ್ ಗ್ರಾಂಟ್‌ನಲ್ಲಿ ಕಂಡ ಸಾಧನವೇ ಇಲ್ಲಿ ಹೊಗೆಯ ನಡುವೆ ಕೆಲಸ ಮಾಡುತ್ತಿದೆ. ಎರಡನ್ನೂ ಕಂಡವರಿಗೆ ಈ ಪ್ರವಾಸದ ದಾರಿ ಏಕೆ ಹೀಗಿದೆಯೆಂದು ತಾನೇ ಅರ್ಥವಾಗುತ್ತದೆ.

ಹೊಗೆ ಒಗ್ಗದ ಜೊತೆಗಾರರಿದ್ದರೆ ಬುನ್ನಹಾವನ್ 12 ಮತ್ತು ಬ್ರುಕ್‌ಲ್ಯಾಡಿಯ ಕ್ಲಾಸಿಕ್ ಕೊಡಿಸಿ, ಎರಡೂ ಪೀಟ್ ಇಲ್ಲದವು. 1779ರ ಬೋಮೋರ್ ನಡುದಾರಿಯದು.

ಬಾಟಲಿ ಕೊಳ್ಳುವುದನ್ನು ಕೊನೆಯ ಎರಡು ದಿನಕ್ಕೆ ಇಟ್ಟುಕೊಳ್ಳಿ, ಡಿಸ್ಟಿಲರಿಯಲ್ಲೇ ಮಾರುವ ವಿಶೇಷ ಬಾಟಲಿ ಮಾತ್ರ ಕಂಡಾಗಲೇ ತೆಗೆದುಕೊಳ್ಳಿ. ಸ್ಕಾಟ್‌ಲೆಂಡಿನ ಅಂಗಡಿಗಳಲ್ಲಿ ಮದ್ಯ ಮಾರಾಟ ಬೆಳಗ್ಗೆ 10ರಿಂದ ರಾತ್ರಿ 10ರವರೆಗೆ ಮಾತ್ರ. ಬೆಳಗಿನ ದೋಣಿಗೆ ಹೋಗುವ ಮುನ್ನ ಕೊಳ್ಳುವ ಯೋಚನೆ ನಡೆಯದು. ವಿಮಾನದ ಚೆಕ್-ಇನ್ ಚೀಲದಲ್ಲಿ 24ರಿಂದ 70 ಶೇಕಡಾದವರೆಗಿನದು ಒಬ್ಬರಿಗೆ 5 ಲೀಟರ್. 70 ದಾಟಿದ್ದು ಸಾಗುವುದಿಲ್ಲ. ಪೀಪಾಯಿಗೆ ತುಂಬುವ ಮೊದಲಿನ ಹೊಸ ಸ್ಪಿರಿಟ್ ಕೊಳ್ಳುವವರು ಚೀಟಿಯ ಸಂಖ್ಯೆ ನೋಡಿ. ಇಳಿಯುವ ದೇಶದ ಸುಂಕರಹಿತ ಮಿತಿ ಇದಕ್ಕಿಂತ ಬಹಳ ಕಡಿಮೆ ಇರುವುದೇ ಹೆಚ್ಚು, ಅದನ್ನು ಹೊರಡುವ ಮೊದಲೇ ತಿಳಿದುಕೊಳ್ಳಿ. ಮನೆಯಲ್ಲಿ ಬಾಟಲಿ ನೆಟ್ಟಗೆ ನಿಲ್ಲಿಸಿಡಿ, ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ. ಅರ್ಧಕ್ಕಿಂತ ಕೆಳಗಿಳಿದದ್ದನ್ನು ಸಣ್ಣ ಬಾಟಲಿಗೆ ತುಂಬಿ ಗಾಳಿ ಕಡಿಮೆ ಮಾಡಿ. ಪೀಟ್‌ನ ವಿಸ್ಕಿಗಳು ಗಾಳಿಗೆ ಬೇಗ ಮಂಕಾಗುತ್ತವೆ, ಅವನ್ನು ಮೊದಲು ಮುಗಿಸಿ.