ಕ್ರಿಸ್‌ಮಸ್ ಕದ್ದ ಹಬ್ಬವಾ?

ಡಿಸೆಂಬರ್ ಬಂತು ಅಂದ್ರೆ ವಾಟ್ಸಾಪಿನಲ್ಲಿ ಒಂದು ಮೆಸೇಜು ಸುತ್ತಾಡುತ್ತದೆ. ಕ್ರಿಸ್‌ಮಸ್ ಮೂಲತಃ ರೋಮನ್ನರ ಸೂರ್ಯನ ಹಬ್ಬ, ಚರ್ಚು ಅದನ್ನು ಕದ್ದು ಯೇಸುವಿನ ಹೆಸರಿಟ್ಟಿತು, ಅಂತ. ನನಗೆ ಹಳೇ ಯುರೋಪಿನ ಹುಚ್ಚು ಅಂತ ಗೊತ್ತಿರುವವರೆಲ್ಲ ಅದನ್ನು ಕಳಿಸಿ ಕೇಳುತ್ತಾರೆ: "ಪೇಗನ್ ಹಬ್ಬವೇ ಅಲ್ವಾ ಇದು?" ಪೇಗನ್ ಅಂದರೆ ಕ್ರೈಸ್ತಧರ್ಮಕ್ಕೂ ಮೊದಲಿನ ಹಳೇ ದೇವರುಗಳನ್ನು ಪೂಜಿಸುವವರು.

ತಾರೀಖಿನ ವಿಷಯ ಮೊದಲು ಮುಗಿಸಿಬಿಡೋಣ. ರೋಮ್‌ನಲ್ಲಿ ಕ್ರಿ.ಶ. 354ರಲ್ಲಿ ಸಿದ್ಧವಾದ ಒಂದು ಪಂಚಾಂಗವಿದೆ. ಅದರಲ್ಲಿ ಡಿಸೆಂಬರ್ 25 'ಸೋಲಿಲ್ಲದವನ' ಜನ್ಮದಿನ. ಅಂದರೆ ಸೂರ್ಯದೇವನದು ಅಂತ ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ. ಅದೇ ಕಟ್ಟಿನ ಇನ್ನೊಂದು ಪಟ್ಟಿಯಲ್ಲಿ ಅದೇ ದಿನ ಕ್ರಿಸ್ತ ಹುಟ್ಟಿದ ಅಂತಲೂ ಇದೆ! ಯಾರು ಯಾರನ್ನು ನೋಡಿ ದಿನ ಇಟ್ಟುಕೊಂಡರು ಅಂತ ಮಾತ್ರ ಇಲ್ಲ. ಯೇಸು ಮಾರ್ಚ್ 25ರಂದು ತಾಯಿಯ ಗರ್ಭ ಸೇರಿದ ಅಂತ ನಂಬಿದವರೂ ಇದ್ದರು. ಒಂಬತ್ತು ತಿಂಗಳು ಕೂಡಿಸಿದರೆ ಡಿಸೆಂಬರ್ 25ಕ್ಕೇ ಬಂತು. ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಕ್ರಿಸ್‌ಮಸ್ ಮರವೂ ಪೇಗನ್ ಅನ್ನುತ್ತಾರಲ್ಲ, ಅದಕ್ಕೆ ಉತ್ತರ ಸುಲಭ. ಅದು 16ನೇ ಶತಮಾನದ ಜರ್ಮನ್ ನಾಡಿನದು. ಅಲ್ಲಿನವರು ಕ್ರೈಸ್ತರಾಗಿ ಶತಮಾನಗಳೇ ಕಳೆದಿದ್ದವು.

ಹಾಗಾದರೆ ಹಳೆಯದು ಹೊಸದರಲ್ಲಿ ಬೆರೆಯಲೇ ಇಲ್ವಾ? ಚೆನ್ನಾಗಿಯೇ ಬೆರೆಯಿತು. ಆದರೆ ಕದ್ದುಮುಚ್ಚಿ ಅಲ್ಲ. ಐದನೇ ಶತಮಾನದಲ್ಲಿ ಪೋಪ್ ಲಿಯೋ ಒಂದು ಕ್ರಿಸ್‌ಮಸ್ ಪ್ರವಚನದಲ್ಲೇ ತಮ್ಮ ಜನರನ್ನು ಬೈದಿದ್ದಾರೆ. ಸಂತ ಪೇತ್ರರ ಚರ್ಚಿನ ಮೆಟ್ಟಿಲು ಹತ್ತಿದವರು, ಒಳಗೆ ಹೋಗುವ ಮೊದಲು ಹಿಂದೆ ತಿರುಗಿ ಉದಯಿಸುವ ಸೂರ್ಯನಿಗೆ ತಲೆಬಾಗುತ್ತಿದ್ದರಂತೆ!

ನನಗೆ ತುಂಬಾ ಇಷ್ಟವಾದ ದಾಖಲೆ 601ರದು. ಇಂಗ್ಲೆಂಡಿನಲ್ಲಿ ಆಗಷ್ಟೇ ಧರ್ಮಪ್ರಚಾರ ಶುರುವಾಗಿತ್ತು. ಪೋಪ್ ಗ್ರೆಗೊರಿ ಮೊದಲು ಕೆಂಟ್‌ನ ರಾಜನಿಗೆ ಕಾಗದ ಬರೆದು, ಹಳೇ ಗುಡಿಗಳನ್ನು ಕೆಡವು ಅಂದರು. ಕೆಲವೇ ವಾರಗಳಲ್ಲಿ ಮನಸ್ಸು ಬದಲಾಯಿತು. ಇಂಗ್ಲೆಂಡಿನ ದಾರಿಯಲ್ಲಿದ್ದ ಮೆಲ್ಲಿಟಸ್ ಎಂಬ ಪಾದ್ರಿಗೆ ಇನ್ನೊಂದು ಕಾಗದ ಹೋಯಿತು. ಗುಡಿ ಕೆಡವಬೇಡಿ, ಒಳಗಿನ ವಿಗ್ರಹ ತೆಗೆಯಿರಿ, ಪವಿತ್ರ ಜಲ ಚಿಮುಕಿಸಿ ಅದನ್ನೇ ಚರ್ಚು ಮಾಡಿ. ಜನ ಹಳೇ ದೇವರುಗಳಿಗೆ ಎತ್ತು ಬಲಿ ಕೊಡುತ್ತಾರಲ್ಲ, ಅದಕ್ಕೂ ದಾರಿ ಹೇಳಿದರು. ಹುತಾತ್ಮರ ಹಬ್ಬದ ದಿನ ಚರ್ಚಿನ ಸುತ್ತ ಕೊಂಬೆಗಳ ಚಪ್ಪರ ಹಾಕಲಿ, ಎತ್ತು ಕಡಿದು ತಾವೇ ಊಟ ಮಾಡಲಿ, ದೇವರನ್ನು ನೆನೆಯಲಿ. ಬೆಟ್ಟ ಹತ್ತುವವನು ಒಂದೊಂದೇ ಹೆಜ್ಜೆ ಇಡುತ್ತಾನೆ, ಹಾರುವುದಿಲ್ಲ ಅನ್ನುವುದು ಅವರ ವಾದ. ಎರಡೂ ಕಾಗದಗಳನ್ನು ಬೀಡ್ ಎಂಬ ಸನ್ಯಾಸಿ ತನ್ನ ಇತಿಹಾಸದಲ್ಲಿ ಸೇರಿಸಿದ್ದಾನೆ. ಕಳ್ಳತನ ಅನ್ನುವವರು ಇದನ್ನೊಮ್ಮೆ ಓದಬೇಕು. ನನಗಂತೂ ಇದು ರಾಜಕೀಯ ಜಾಣತನ ಅನ್ನಿಸುತ್ತದೆ, ಪೂರ್ತಿ ಮುಗ್ಧವೇನೂ ಅಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮವರು ಇಂಗ್ಲೆಂಡಿಗೇ ಹೋಗಬೇಕಿಲ್ಲ. ಸೆಪ್ಟೆಂಬರ್ 8ಕ್ಕೆ ಮಂಗಳೂರಿನ ಕ್ಯಾಥೊಲಿಕರ ಮೊಂತಿ ಹಬ್ಬ, ಮರಿಯಮ್ಮನವರ ಹುಟ್ಟಿದ ದಿನ. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತರುತ್ತಾರೆ. ಅದರ ಅಕ್ಕಿಯನ್ನು ಪುಡಿ ಮಾಡಿ ಹಾಲಿನಲ್ಲಿ ಕಲಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಆವತ್ತು ಮೀನು ಮಾಂಸ ಇಲ್ಲ. ಹಬ್ಬ ಮೇರಿಯದು, ಪೈರು ಊರಿನದು. ಸುತ್ತಲಿನ ಹಿಂದೂಗಳ ಮನೆಗಳಲ್ಲೂ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತಾರೆ.

ಎಲ್ಲ ಕಡೆ ಹೀಗೇ ನಯವಾಗಿ ಆಯಿತು ಅಂತ ಅಲ್ಲ. ಸುಮಾರು 723ರಲ್ಲಿ ಬೋನಿಫೇಸ್ ಎಂಬ ಧರ್ಮಪ್ರಚಾರಕರು ಜರ್ಮನ್ ನಾಡಿನಲ್ಲಿ ಜನ ಪೂಜಿಸುತ್ತಿದ್ದ ಓಕ್ ಮರವನ್ನು ಕಡಿದು, ಅದೇ ಮರದಿಂದ ಪ್ರಾರ್ಥನಾಲಯ ಕಟ್ಟಿದರು. ಐಸ್‌ಲ್ಯಾಂಡಿನದು ಮಾತ್ರ ವಿಚಿತ್ರ ರಾಜಿ. 1000ದ ಸುಮಾರಿಗೆ ಅಲ್ಲಿನ ಮಹಾಸಭೆಯಲ್ಲಿ ಕ್ರೈಸ್ತರು, ಪೇಗನ್ನರು ಎರಡು ಪಂಗಡವಾಗಿ ಕೈ ಕೈ ಮಿಲಾಯಿಸುವ ಹಾಗಾಗಿತ್ತು. ತೀರ್ಪು ಹೇಳಲು ಒಪ್ಪಿಕೊಂಡ ಥೋರ್ಗೇರ್ ಸ್ವತಃ ಪೇಗನ್. ಕಂಬಳಿ ಹೊದ್ದು ಒಂದು ಹಗಲು ಒಂದು ರಾತ್ರಿ ಸುಮ್ನೆ ಮಲಗಿದ್ದ. ಎದ್ದು ಹೇಳಿದ: ಎಲ್ಲರೂ ಕ್ರೈಸ್ತರಾಗಬೇಕು. ಆದರೆ ಕುದುರೆ ಮಾಂಸ ತಿನ್ನಬಹುದು, ಯಾರಿಗೂ ಕಾಣದ ಹಾಗೆ ಹಳೇ ದೇವರಿಗೆ ಬಲಿಯನ್ನೂ ಕೊಡಬಹುದು. ಕೆಲವೇ ವರ್ಷಗಳಲ್ಲಿ ಆ ವಿನಾಯಿತಿಗಳೂ ರದ್ದಾದವು.