ಕೊಸರಿಗೆ ಸಿಕ್ಕ ಕಾರು

ಕೌಂಟರಿನ ಹುಡುಗ ಮೊದಲು ನನ್ನನ್ನು ಅಭಿನಂದಿಸಿದ. ಅನುಮಾನ ಅಲ್ಲೇ ಬರಬೇಕಿತ್ತು.

ಲಂಡನ್ನಿನ ಹ್ಯಾರೋದಲ್ಲಿ ನಮ್ಮ ವಾಸ. ಟ್ಯೂಬು ರೈಲು, ಬಸ್ಸು ಇರುವಾಗ ಸ್ವಂತ ಕಾರಿನ ಗೊಡವೆ ಬೇಡವೆಂದು ರಜೆ ಬಂದಾಗಲೆಲ್ಲ ಬಾಡಿಗೆ ಕಾರು ಹಿಡಿಯುತ್ತೇವೆ. ಆರು ವರ್ಷಗಳಿಂದ ಒಂದೇ ಕಂಪನಿ, ಒಂದೇ ಅಂಗಡಿ. ಮೇ ತಿಂಗಳ ಮೊದಲ ಸೋಮವಾರ ಇಲ್ಲಿ ಸಾರ್ವತ್ರಿಕ ರಜೆ. ಇಂಗ್ಲೆಂಡಿನ ವಾಯವ್ಯ ಮೂಲೆಯ ಬೆಟ್ಟ-ಸರೋವರಗಳ ಸೀಮೆ ಲೇಕ್ ಡಿಸ್ಟ್ರಿಕ್ಟ್ ನೋಡಿ ಬರೋಣವೆಂದು ಒಂದು ಸಣ್ಣ ಪೆಟ್ರೋಲ್ ಕಾರು ಕೇಳಿದ್ದೆ. "ನೀವು ನಮ್ಮ ಚಿನ್ನದ ದರ್ಜೆಯ ಸದಸ್ಯರು. ಹಾಗಾಗಿ ಅದೇ ಬಾಡಿಗೆಗೆ ಎರಡು ದರ್ಜೆ ಮೇಲಿನ ಎಲೆಕ್ಟ್ರಿಕ್ ಕಾರು ಕೊಡುತ್ತಿದ್ದೇವೆ" ಎಂದ ಹುಡುಗ. ನನ್ನ ಹಿಂದೆ ನಿಂತಿದ್ದ, ಯಾವ ದರ್ಜೆಯೂ ಇಲ್ಲದ ದಂಪತಿಗೆ ನಾನು ಕೇಳಿದ್ದಂಥ ಪೆಟ್ರೋಲ್ ಕಾರು ಸಿಕ್ಕಿತು. ಅವರು ನನ್ನನ್ನು ನೋಡಿದ ನೋಟದಲ್ಲಿ ಮರುಕವಿತ್ತು.

ನಮ್ಮ ಕಡೆ ಇದಕ್ಕೆ ಕೊಸರು ಎನ್ನುತ್ತೇವೆ. ವರ್ತನೆಯ ಹೂವಿನವಳು ಎರಡು ಮೊಳ ಅಳೆದ ಮೇಲೆ ಇನ್ನೊಂದು ಗೇಣು ಬಿಟ್ಟು ಕತ್ತರಿಸುತ್ತಾಳೆ. ತರಕಾರಿಯವನು ಚೀಲ ಕಟ್ಟುವ ಮುಂಚೆ ಒಂದು ಹಿಡಿ ಕರಿಬೇವು ತುರುಕುತ್ತಾನೆ. ಆದರೆ ಮಲ್ಲಿಗೆ ಕೇಳಿದವರ ಕೈಗೆ ಕಳ್ಳಿಗಿಡ ಕೊಟ್ಟು, ಇದು ನಿಮಗೆ ಕೊಸರು ಎಂದು ಯಾವ ಹೂವಿನವಳೂ ಹೇಳಿದ್ದನ್ನು ನಾನು ಕೇಳಿಲ್ಲ.

ಬಾಡಿಗೆ ಕಂಪನಿಗಳ ಕಷ್ಟ ಗೊತ್ತಿಲ್ಲವೆಂದಲ್ಲ. ಅಮೆರಿಕದ ಹರ್ಟ್ಜ್ 2021ರಲ್ಲಿ ಒಂದು ಲಕ್ಷ ಟೆಸ್ಲಾ ಕಾರು ಕೊಳ್ಳುವುದಾಗಿ ಡಂಗುರ ಸಾರಿ, 2024ರ ಜನವರಿಯಲ್ಲಿ ಸುಮಾರು 20,000 ಎಲೆಕ್ಟ್ರಿಕ್ ಕಾರುಗಳನ್ನು ಮಾರಿಬಿಡುತ್ತೇವೆ ಎಂದಿತು. ಡಿಕ್ಕಿಯಾದರೆ ರಿಪೇರಿ ದುಬಾರಿ, ಮಾರಲು ಹೋದರೆ ಬೆಲೆ ಕುಸಿದಿರುತ್ತದೆ. (ನನಗೆ ಕಾರು ಕೊಟ್ಟವರು ಅವರಲ್ಲ.) ಕೊಂಡದ್ದನ್ನು ಯಾರಿಗಾದರೂ ದಾಟಿಸಲೇಬೇಕು. ಬೇಡ ಎನ್ನಲು ಸಂಕೋಚಪಡುವ ಹಳೆಯ ಗಿರಾಕಿಗಿಂತ ಒಳ್ಳೆಯ ಬಕರಾ ಯಾರಿದ್ದಾರೆ? ಮೂರು ದಿನದ ಬಾಡಿಗೆಗೆ ನೂರೈವತ್ತು ಪಾಯಿಂಟುಗಳೂ ಜಮೆಯಾದವು. ಅವನ್ನು ಕೂಡಿಸಿ ಏನು ಮಾಡುತ್ತೇನೋ, ಮೊಮ್ಮಕ್ಕಳ ಮದುವೆಗೆ ಒಂದು ದಿನದ ಕಾರು ಸಿಗಬಹುದು.

ಬ್ಯಾಟರಿ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು, ಶೇಕಡಾ 52. ವಾಪಸು ಕೊಡುವಾಗ ಮಾತ್ರ 70 ಇರಬೇಕಂತೆ, ಇಲ್ಲದಿದ್ದರೆ ದಂಡ. ಊರಿನಲ್ಲಿ ಬಾಡಿಗೆ ಕಾರೆಂದರೆ ಡ್ರೈವರ್ ಸಮೇತ ಬರುವುದು. ಕಿಲೋಮೀಟರಿಗಿಷ್ಟು, ಡ್ರೈವರಿಗೆ ದಿನಕ್ಕಿಷ್ಟು ಬಾಟಾ ಎಂದು ಒಪ್ಪಿಕೊಂಡು ಹಿಂದಿನ ಸೀಟಿನಲ್ಲಿ ನಿದ್ದೆ ಹೋದರೆ ಧರ್ಮಸ್ಥಳದಲ್ಲಿ ಎಚ್ಚರ. ಇಲ್ಲಿ ನಾನೇ ಡ್ರೈವರ್, ನಾನೇ ಕ್ಲೀನರ್, ಗೀರು ಬಿದ್ದರೆ ನಾನೇ ಆರೋಪಿ. ಕಾರಿನ ಸುತ್ತ ಸುತ್ತಿ ಇಪ್ಪತ್ತು ಫೋಟೋ ತೆಗೆದುಕೊಂಡು ಹೊರಟೆ.

ಮನೆ ಮುಂದೆ ನಿಲ್ಲಿಸಿದಾಗ ಮಗಳು ಬಾನೆಟ್ಟಿಗೆ ಕಿವಿಯಿಟ್ಟು, "ಅಪ್ಪಾ, ಇದು ಆಫ್ ಆಗಿದೆಯೋ ಸತ್ತಿದೆಯೋ?" ಎಂದಳು. ನನ್ನ ಚಿಂತೆಯೂ ಅದೇ. ಮರುದಿನ 265 ಮೈಲಿ ಹೋಗಬೇಕು. ನಮ್ಮದು ಗೋಡೆಗೆ ಗೋಡೆ ಅಂಟಿದ ಸಾಲು ಮನೆ, ಕಾರು ನಿಲ್ಲುವುದು ಬೀದಿಯಲ್ಲಿ. ಮನೆಯಿಂದ ಪಾದಚಾರಿ ದಾರಿಗೆ ಅಡ್ಡಲಾಗಿ ವೈರು ಎಳೆಯುವಂತಿಲ್ಲ. ಈ ದೇಶದ ಒಂದು ವಿಚಿತ್ರ ನ್ಯಾಯ ಆಗ ಮೈಗೆ ತಾಗಿತು. ಸ್ವಂತ ಅಂಗಳವಿದ್ದವರು ಮನೆಯ ಕರೆಂಟಿನಲ್ಲಿ ಚಾರ್ಜ್ ಮಾಡಿಕೊಂಡರೆ ತೆರಿಗೆ ಶೇಕಡಾ 5. ಅಂಗಳವಿಲ್ಲದವರು ಬೀದಿಯ ಚಾರ್ಜರಿಗೆ ಹೋದರೆ ಶೇಕಡಾ 20. ಹೆದ್ದಾರಿಯ ವೇಗದ ಚಾರ್ಜರಿನಲ್ಲಿ ಒಂದು ಯೂನಿಟ್ಟಿಗೆ 80 ಪೆನ್ಸಿನ ಆಸುಪಾಸು, ಮನೆಯಲ್ಲಿ 25ರ ಆಸುಪಾಸು.

ಮೊಬೈಲಿನಲ್ಲಿ ಚಾರ್ಜರ್ ಹುಡುಕುತ್ತಾ ನಿಂತಿದ್ದೆ. ಪಕ್ಕದ ಮನೆಯ ಅಜ್ಜಿ ಕಸದ ತೊಟ್ಟಿ ಹೊರಗಿಡಲು ಬಂದವರು ನಿಂತರು. ಎಪ್ಪತ್ತೆಂಟರ ಹೆಂಗಸು, ದಾದಿಯಾಗಿ ನಿವೃತ್ತರಾದವರು. ಮಾತು ಕಡಿಮೆ, ಆಡಿದರೆ ತೂಕದ್ದು. ನನ್ನ ಕಥೆ ಕೇಳಿ, "ಡಿಕ್ಕಿಯಲ್ಲಿ ಮೂರು ಪಿನ್ನಿನ ಕೇಬಲ್ ಇದೆಯೇ ನೋಡು" ಎಂದರು. ಇತ್ತು. ಇಲ್ಲಿನ ಜನ ಅದನ್ನು ತಮಾಷೆಗೆ ಅಜ್ಜಿ ಕೇಬಲ್ ಎನ್ನುತ್ತಾರೆ. ಅಜ್ಜಿಯ ಮನೆಗೆ ಹೋದಾಗ ಗೋಡೆಯ ಮಾಮೂಲಿ ಪ್ಲಗ್ಗಿಗೆ ಸಿಕ್ಕಿಸಿ ನಿಧಾನವಾಗಿ ಚಾರ್ಜ್ ಮಾಡಿಕೊಳ್ಳಲು ಬರುವಂಥದ್ದು ಎಂದು ಆ ಹೆಸರು. "ಹಾಗಾದರೆ ಅಜ್ಜಿಯ ಮನೆಗೇ ತಾ" ಎಂದು ತಮ್ಮ ಅಂಗಳದ ಗೇಟು ತೆಗೆದರು.

ಅವರ ಮುಂಗೋಡೆಯಲ್ಲಿ ಬೂದು ಮುಚ್ಚಳದ ಒಂದು ಪ್ಲಗ್ ಪಾಯಿಂಟ್ ಇದೆ. ನಾಲ್ಕು ವರ್ಷಗಳಿಂದ ಅದನ್ನು ನೋಡುತ್ತಾ ಓಡಾಡಿದ್ದೇನೆ, ಬೇಲಿ ಕತ್ತರಿಸುವ ಯಂತ್ರಕ್ಕಿರಬೇಕು ಎಂದುಕೊಂಡಿದ್ದೆ. ಅಜ್ಜಿ ಮುಚ್ಚಳವೆತ್ತಿ, ಜೇಡರ ಬಲೆ ಒರೆಸಿ, "ಹನ್ನೆರಡು ವರ್ಷವಾಯಿತು ಇದಕ್ಕೆ ಕೆಲಸವಿಲ್ಲದೆ. ನಿನ್ನ ಊರಿನ ಕಾರಿಗೆಂದೇ ಹಾಕಿಸಿದ್ದು" ಎಂದರು.

ನಮ್ಮ ಊರಿನ ಕಾರು?

ಅವರು ಹಿಂದೊಮ್ಮೆ, "ಎಂಟು ವರ್ಷ ನನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋದದ್ದು ಬೆಂಗಳೂರು" ಎಂದಿದ್ದರು. ಕಾಲ್ ಸೆಂಟರಿನ ಬಗ್ಗೆ ಏನೋ ಚಟಾಕಿ ಹಾರಿಸುತ್ತಿದ್ದಾರೆ ಎಂದುಕೊಂಡು ಹಲ್ಲು ಕಿರಿದಿದ್ದೆ. ಅವರು ಹೇಳಿದ್ದು ಅಕ್ಷರಶಃ ನಿಜ. 2006ರಲ್ಲಿ ಅವರು ಕೊಂಡದ್ದು ಜಿ-ವಿಜ್ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾಗಿ, ಲಂಡನ್ನಿಗೆ ಬಂದು ಹೆಸರು ಬದಲಾಯಿಸಿಕೊಂಡ ನಮ್ಮ ರೇವಾ.

ಬ್ಯಾಟರಿ ತುಂಬುವ ತನಕ ಕಥೆ ಹೇಳುವವರಂತೆ ಅಜ್ಜಿ ಮೆಟ್ಟಿಲ ಮೇಲೆ ಕುಳಿತರು. ಲಂಡನ್ನಿನ ನಡುಭಾಗಕ್ಕೆ ಕಾರು ತರುವವರಿಂದ 2003ರ ಫೆಬ್ರವರಿಯಿಂದ ದಟ್ಟಣೆ ಶುಲ್ಕ ವಸೂಲಿ ಆರಂಭವಾಗಿತ್ತು. ಅವರು ಕಾರು ಕೊಳ್ಳುವ ಹೊತ್ತಿಗೆ ದಿನಕ್ಕೆ 8 ಪೌಂಡ್. ಎಲೆಕ್ಟ್ರಿಕ್ ಕಾರಿಗೆ ಆಗ ಅದು ಮಾಫಿ. ರಾತ್ರಿ ಪಾಳಿ ಮುಗಿಸಿ ಬರುವ ದಾದಿಗೆ ಅದು ಸಣ್ಣ ಲೆಕ್ಕವಲ್ಲ. ಚಳಿಗಾಲದಲ್ಲಿ ಹೀಟರ್ ಹಾಕಿದರೆ ಮನೆ ತಲುಪುವ ಭರವಸೆಯಿಲ್ಲ. ಹಾಗಾಗಿ ಮೊಣಕಾಲ ಮೇಲೆ ಕಂಬಳಿ ಹೊದ್ದು ಓಡಿಸುತ್ತಿದ್ದರಂತೆ. ಜನ ನಗುತ್ತಿದ್ದರು. ಕಾನೂನಿನ ಪ್ರಕಾರ ಅದು ಕಾರೇ ಅಲ್ಲ, ಕ್ವಾಡ್ರಿಸೈಕಲ್ ಎಂಬ ವರ್ಗದ್ದು. ಹಾಗಾಗಿ ಡಿಕ್ಕಿ ಪರೀಕ್ಷೆಯ ಕಡ್ಡಾಯವಿರಲಿಲ್ಲ. 2007ರಲ್ಲಿ ಪರೀಕ್ಷೆ ಮಾಡಿದಾಗ ಅದರ ಸುರಕ್ಷತೆಯ ಬಗ್ಗೆ ದೊಡ್ಡ ಗುಲ್ಲೇ ಆಯಿತು. "ಮಗ ಮಾರಿಬಿಡು ಎಂದ. ನಾನು ಇಪ್ಪತ್ತು ಮೈಲಿ ವೇಗದಲ್ಲಿ ಹೋಗುವವಳು, ನನಗೇನು" ಎಂದು ಅಜ್ಜಿ ಕೈ ಬೀಸಿದರು. ಎರಡು ಸಲ ಬ್ಯಾಟರಿ ಬದಲಾಯಿಸಿ, 2014ರಲ್ಲಿ ಕೊಟ್ಟುಬಿಟ್ಟರಂತೆ.

ಆಮೇಲೆ ಕೇಳಿದರು: "ನಿನ್ನ ಮನೆಯಲ್ಲಿಯೂ ಒಂದು ಇದ್ದಿರಬೇಕಲ್ಲ? ನಿನ್ನದೇ ಊರು. ಮತ್ತೆ ಈ ಕಾರಿಗೆ ಯಾಕೆ ಇಷ್ಟು ಹೆದರುತ್ತೀಯೆ?"

ಇರಲಿಲ್ಲ ಎಂದೆ. ಯಾಕೆ ಇರಲಿಲ್ಲ ಎಂಬುದನ್ನು ಹೇಳಲಿಲ್ಲ.

ಅಪ್ಪ ಎಚ್‌ಎಂಟಿಯಲ್ಲಿ ಟರ್ನರ್ ಆಗಿದ್ದವರು. ಸ್ವಯಂನಿವೃತ್ತಿ ತೆಗೆದುಕೊಂಡಾಗ ಬಂದ ಹಣದಲ್ಲಿ, ಮತ್ತಿಕೆರೆಯ ಮನೆಗೆ ಒಂದು ಕಾರು ಬರಲಿ ಎಂದು ಎಲ್ಲರ ಆಸೆ. ರೇವಾ 2001ರಲ್ಲೇ ಬೆಂಗಳೂರಿನ ರಸ್ತೆಗೆ ಇಳಿದಿತ್ತು. 2003ರಲ್ಲಿ ಒಂದು ದಿನ ಅಪ್ಪ ಅದರ ಕರಪತ್ರ ತಂದು, ಊಟದ ಮೇಜಿನ ಮೇಲೆ ಹರಡಿ, ಯಂತ್ರ ಬಲ್ಲವರ ಸಂಭ್ರಮದಲ್ಲಿ ವಿವರಿಸಿದರು. ಗೇರ್ ಇಲ್ಲ, ಕ್ಲಚ್ ಇಲ್ಲ, ಎಣ್ಣೆ ಬದಲಾಯಿಸುವ ಕೆಲಸವಿಲ್ಲ. ಸೀಟಿನ ಕೆಳಗೆ ಎಂಟು ಬ್ಯಾಟರಿ. ಗೀಸರಿನ 15 ಆಂಪ್ ಪಾಯಿಂಟಿಗೆ ಸಿಕ್ಕಿಸಿದರೆ ಸಾಕು. ಚಿಕ್ಕಪ್ಪ, "ಅಣ್ಣಾ, ಇದು ಕಾರೋ ಇಸ್ತ್ರಿ ಪೆಟ್ಟಿಗೆಯೋ?" ಎಂದರು. ಅಮ್ಮನಿಗೆ ಕರೆಂಟು ಹೋದರೆ ಏನು ಗತಿ ಎಂಬ ಚಿಂತೆ. ಅದು ನ್ಯಾಯವಾದ ಪ್ರಶ್ನೆ, ಆಗ ಮತ್ತಿಕೆರೆಯಲ್ಲಿ ದಿನವೂ ಹೋಗುತ್ತಿತ್ತು.

ಆದರೆ ಅದನ್ನು ನಿಲ್ಲಿಸಿದ್ದು ನಾನು. ಆಗ ನನಗೆ ಹದಿನೇಳು. "ಅದರಲ್ಲಿ ಕಾಲೇಜಿಗೆ ಬಿಡಲು ಬರುವುದಾದರೆ ನಾನು ನಡೆದುಕೊಂಡೇ ಹೋಗುತ್ತೇನೆ" ಎಂದಿದ್ದೆ. ಅಪ್ಪ ಏನೂ ಅನ್ನಲಿಲ್ಲ. ಕರಪತ್ರ ಮಡಿಸಿ ಜೇಬಿಗೆ ಹಾಕಿಕೊಂಡರು. ಮುಂದಿನ ತಿಂಗಳು ಸೆಕೆಂಡ್ ಹ್ಯಾಂಡ್ ಮಾರುತಿ 800 ಬಂತು, ಅಕ್ಕಪಕ್ಕದವರೆಲ್ಲ ಸಿಹಿ ತಿಂದರು.

ಈಗ ಬೆಂಗಳೂರಿಗೆ ಹೋದಾಗಲೆಲ್ಲ ಹಸಿರು ನಂಬರ್ ಪ್ಲೇಟುಗಳನ್ನು ಎಣಿಸಿ ಮುಗಿಯುವುದಿಲ್ಲ. ಎಲೆಕ್ಟ್ರಿಕ್ ವಾಹನಗಳಿಗೆಂದು ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಹೇಳಿಕೊಳ್ಳಲು ಚೆನ್ನಾಗಿದೆ, ನಾನೂ ಆಫೀಸಿನಲ್ಲಿ ಹೇಳಿಕೊಂಡಿದ್ದೇನೆ. ರೇವಾದ ಬಹುಪಾಲು ಷೇರು ಅದಕ್ಕೂ ಏಳು ವರ್ಷ ಮೊದಲೇ ಮಹೀಂದ್ರಾದ ಪಾಲಾಗಿತ್ತು. ನಮ್ಮ ಬೀದಿಯಲ್ಲಿ ನಗೆಪಾಟಲಾದದ್ದನ್ನು ಇಲ್ಲಿಯ ಒಬ್ಬ ದಾದಿ, ಇಲ್ಲಿಯವರ ನಗೆಯನ್ನೂ ಸಹಿಸಿಕೊಂಡು, ಎಂಟು ವರ್ಷ ಓಡಿಸಿದ್ದಾರೆ. ಅವರಿಗೆ ಯಾರೂ ಪಾಯಿಂಟು ಕೊಟ್ಟಿರಲಿಲ್ಲ.

ಪ್ರವಾಸದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೆಳಿಗ್ಗೆ ಬ್ಯಾಟರಿ 86 ತೋರಿಸಿತು. ಲ್ಯಾಂಕಾಸ್ಟರ್ ಬಳಿಯ ಹೆದ್ದಾರಿ ತಂಗುದಾಣದಲ್ಲಿ, 1965ರಲ್ಲಿ ಕಟ್ಟಿದ ಆ ಷಟ್ಕೋನದ ಗೋಪುರದ ಕೆಳಗೆ, ಬ್ಯಾಂಕ್ ಕಾರ್ಡ್ ತಾಗಿಸಿ ಚಾರ್ಜ್ ಮಾಡಿಕೊಂಡು ಹೆಂಡತಿ ಕಟ್ಟಿದ್ದ ಚಿತ್ರಾನ್ನ ತಿಂದೆವು. ಆಂಬಲ್‌ಸೈಡಿನಿಂದ ಕರ್ಕ್‌ಸ್ಟೋನ್ ಕಣಿವೆದಾರಿಗೆ ಏರುವ ರಸ್ತೆಯ ಹೆಸರೇ "ದಿ ಸ್ಟ್ರಗಲ್", ಅಂದರೆ ಒದ್ದಾಟ. ಅಷ್ಟು ಕಡಿದು. ಏರುವಾಗ ಬ್ಯಾಟರಿ ಕರಗಿದ್ದು ಕಂಡು ಜೀವ ಹೋಯಿತು. ಆಚೆ ಬದಿಯಲ್ಲಿ ಇಳಿಯುವಾಗ ಚಕ್ರಗಳ ಓಟಕ್ಕೆ ಮೋಟಾರೇ ಕರೆಂಟು ಉತ್ಪಾದಿಸಿ ಒಂದಷ್ಟು ತುಂಬಿಸಿತು. ಮಗಳು, "ಅಪ್ಪಾ, ಬರೀ ಇಳಿಜಾರು ಇರುವ ಕಡೆಗೇ ಹೋಗೋಣ" ಎಂದಳು.

ಭಾನುವಾರ ರಾತ್ರಿ ವಿಂಡರ್‌ಮಿಯರಿನಿಂದ ಅಪ್ಪನಿಗೆ ಫೋನು ಮಾಡಿದೆ. ಊರಿನಲ್ಲಿ ಆಗಲೇ ತಡವಾಗಿತ್ತು, ಅಪ್ಪನಿಗೆ ನಿದ್ದೆ ಬಂದಿರಲಿಲ್ಲ. ಅಜ್ಜಿಯ ರೇವಾ ಕಥೆಯನ್ನು ಒಂದೂ ಬಿಡದೆ ಹೇಳಿದೆ. ಹದಿನೇಳರ ಹುಡುಗ ಆಡಿದ ಮಾತನ್ನೂ ಹೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದು ಸಲ ಚಾರ್ಜ್ ಮಾಡಿದರೆ ಎಂಬತ್ತು ಕಿಲೋಮೀಟರ್ ಹೋಗುತ್ತಿತ್ತು ಅದು. ನಲವತ್ತೆಂಟು ವೋಲ್ಟಿನದು" ಎಂದರು. ಇಪ್ಪತ್ತು ವರ್ಷಗಳ ಮೇಲಾಗಿದೆ. ನನ್ನ ಹುಟ್ಟುಹಬ್ಬವನ್ನು ಅಮ್ಮ ನೆನಪಿಸಬೇಕಾದ ಅಪ್ಪ.

ಆಮೇಲೆ ಗಂಟಲು ಸರಿಮಾಡಿಕೊಂಡು, "ರಾತ್ರಿಯೆಲ್ಲ ಹಾಕಿದ್ದೆ ಎಂದೆಯಲ್ಲ, ಇಪ್ಪತ್ತು ಯೂನಿಟ್ಟಿಗೆ ಕಡಿಮೆ ಎಳೆದಿರುವುದಿಲ್ಲ. ಆ ತಾಯಿಗೆ ಕರೆಂಟಿನ ದುಡ್ಡು ಕೊಟ್ಟೆಯಾ?" ಎಂದು ಕೇಳಿದರು.